ಹೊಸಬ ಬಾಯಿ ತೆರೆದಾಗ

ಪುಲ್ಪಳ್ಳಿ ಪಂಚಾಯತಿನ ಚೇಕಾಡಿ ಕಾಡಿನ ನಡುವಿನ ಊರು. ಹತ್ತಿರದಲ್ಲೇ ಕಬಿನಿ, ಸುತ್ತ ಮರಗಳು, ನಡುವೆ ಗಂಧಕಶಾಲೆಯೆಂಬ ಪರಿಮಳದ ಭತ್ತಕ್ಕೆ ಹೆಸರಾದ ಬಯಲು. ಕಳೆದ ಆಗಸ್ಟಿನಲ್ಲಿ ಸ್ನೇಹಿತರೊಬ್ಬರ ಮನೆಗೆ ನಾಟಿ ನೋಡಲು ಹೋಗಿದ್ದೆ. ನನ್ನಲ್ಲಿ ಕಲಿತು ಈಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಯೊಂದರಲ್ಲಿರುವ ಹುಡುಗನೊಬ್ಬನೂ ಬಾವಲಿ ದಾರಿಯಾಗಿ ಬಂದು ಸೇರಿಕೊಂಡ.

ಸಾಲಿನಲ್ಲಿ ನೆಡುತ್ತಿದ್ದವರಲ್ಲಿ ಆ ಮನೆಗೆ ಹೊಸತಾಗಿ ಬಂದ ಸೊಸೆಯೂ ಇದ್ದಳು. ನೇಜಿಯ ಸೂಡಿಗಳೆಲ್ಲ ಹುಣಿಯ ಮೇಲೆ ರಾಶಿ ಬಿದ್ದಿದ್ದವು. ಕೈಯಲ್ಲಿದ್ದುದು ಮುಗಿದಾಗಲೆಲ್ಲ ಕೆಸರು ತುಳಿದು ಹುಣಿಯವರೆಗೆ ನಡೆಯಬೇಕು. ಎರಡು ಗದ್ದೆ ಮುಗಿಯುವ ತನಕ ಸುಮ್ಮನಿದ್ದ ಆಕೆ ಮೂರನೆಯದಕ್ಕೆ ಇಳಿಯುವಾಗ ಅತ್ತೆಯ ಬಳಿ ಹೋಗಿ ಏನೋ ಕೇಳಿದಳು. ಸ್ನೇಹಿತರು ಅರ್ಥ ಹೇಳಿದರು: ಸೂಡಿಗಳನ್ನು ಮೊದಲೇ ಗದ್ದೆಯೊಳಗೆ ಅಲ್ಲಲ್ಲಿ ಎಸೆದಿಟ್ಟರಾಗದೇ ಎಂದು ಪ್ರಶ್ನೆ. ಕೆಳಗಿನ ಗದ್ದೆಯಲ್ಲಿ ನೀರು ಹೆಚ್ಚು, ಸೂಡಿ ತೇಲಿಹೋಗುತ್ತದೆ, ಮೇಲಿನವುಗಳಲ್ಲಿ ಬೇಕಾದರೆ ಎಸೆಯಬಹುದು ಎಂದು ಉತ್ತರ. ಮಧ್ಯಾಹ್ನದ ಮೇಲೆ ಹಾಗೆಯೇ ಮಾಡಿದರು.

"ನಮ್ಮಲ್ಲಿ ಹೀಗೆ ಕೇಳಲಿಕ್ಕಾಗುವುದಿಲ್ಲ ಮಾಷ್ಟ್ರೇ" ಎಂದ ಹುಡುಗ.

ಅವನ ಸಂಗತಿ ಇಷ್ಟು. ಕೆಲಸಕ್ಕೆ ಸೇರಿ ಎರಡು ತಿಂಗಳು. ಹದಿನೈದು ನಿಮಿಷದಲ್ಲಿ ಮುಗಿಯಬೇಕಾದ ಬೆಳಗಿನ ಸಭೆ ಒಂದು ಗಂಟೆ ನಡೆಯುತ್ತದೆ. ಒಬ್ಬ ಬರೆದ ಪ್ರೋಗ್ರಾಮನ್ನು ಇನ್ನೊಬ್ಬ ಓದಿ ಒಪ್ಪಬೇಕೆಂಬ ನಿಯಮವಿದೆ. ಓದದೆಯೇ ಒಪ್ಪಿಗೆ ಬೀಳುತ್ತದೆ. ಗಿರಾಕಿಗಳಿಗೆ ಕಳುಹಿಸುವ ಮೊದಲು ಏನೇನು ಪರೀಕ್ಷಿಸಬೇಕೆಂಬುದು ಎಲ್ಲಿಯೂ ಬರೆದಿಲ್ಲ, ಹಿರಿಯ ಇಂಜಿನಿಯರರ ತಲೆಯಲ್ಲಿದೆ. ಅವರು ರಜೆಯಲ್ಲಿದ್ದ ವಾರ ಗಿರಾಕಿಗಳಿಗೆ ಒಂದೇ ಬಿಲ್ಲು ಎರಡೆರಡು ಬಾರಿ ಹೋಯಿತು. ತಂಡದ ವಾಟ್ಸಾಪ್ ಗುಂಪಿನಲ್ಲಿ ಇವನು ಒಂದು ಸಾಲು ಬರೆದನಂತೆ. ಯಾರೋ ಹೆಬ್ಬೆರಳಿನ ಚಿತ್ರ ಹಾಕಿದರು, ಅಲ್ಲಿಗೆ ಮುಗಿಯಿತು. ಪ್ರೊಬೇಷನ್ ಇನ್ನೂ ನಾಲ್ಕು ತಿಂಗಳಿದೆ. ಊರಿನ ಮನೆಯ ಸಾಲ ಕಟ್ಟುವವನು ಇವನೇ. ಬಂದ ಹೊಸತರಲ್ಲೇ ತಪ್ಪು ಹುಡುಕುವವನೆಂಬ ಹೆಸರು ಬಂದರೆ?

ಹೆದರಿಕೆ ಸುಳ್ಳಲ್ಲ. ನಾನೂ ಕೆಲಸಕ್ಕೆ ಸೇರಿದ ವರ್ಷ ಮೊದಲ ಸಭೆಯಲ್ಲಿಯೇ ಆರು ತಪ್ಪು ಎಣಿಸಿ ಹೇಳಿ, ಮತ್ತೆ ಆರು ವರ್ಷ ಬಾಯಿ ತೆರೆಯದವನು.

ಅವನಿಗೆ ಮಂಗಳ ಗ್ರಹದ ಕಥೆ ಹೇಳಿದೆ. ಅಮೆರಿಕದ ನಾಸಾ 1998ರ ಡಿಸೆಂಬರ್ 11ರಂದು ಹಾರಿಸಿದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳವನ್ನು ಮುಟ್ಟುವ ಹೊತ್ತಿಗೆ ಕಳೆದುಹೋಯಿತು. ನೆಲದ ಮೇಲಿನ ಒಂದು ಸಾಫ್ಟ್‌ವೇರ್ ನೌಕೆಯ ಸಣ್ಣ ಯಂತ್ರಗಳ ನೂಕುಬಲವನ್ನು ಪೌಂಡಿನ ಲೆಕ್ಕದಲ್ಲಿ ಕೊಟ್ಟಿತು, ಅದನ್ನು ಬಳಸಿದವರು ನ್ಯೂಟನ್ ಎಂದು ಓದಿಕೊಂಡರು. ಎರಡಕ್ಕೂ ಸುಮಾರು ನಾಲ್ಕೂವರೆ ಪಾಲು ಅಂತರ. ನಮ್ಮ ಎಂಟನೆಯ ತರಗತಿಯ ಮಕ್ಕಳಿಗೆ ಕೆಂಪು ಗೀಟು ಬೀಳುವ ತಪ್ಪು.

ಆದರೆ ಲೆಕ್ಕ ಹೊಂದುತ್ತಿಲ್ಲವೆಂದು ಯಾರೂ ಕಾಣದೆ ಇರಲಿಲ್ಲ. ದಾರಿ ನೋಡುವ ತಂಡದವರು ಕಂಡಿದ್ದರು. ಅವರು ಉಡಾವಣೆಗೆ ಸ್ವಲ್ಪವೇ ಮೊದಲು ಬಂದು ಸೇರಿದ ಹೊಸಬರು. ಆ ಸಾಫ್ಟ್‌ವೇರಿನ ಪರೀಕ್ಷೆಯಲ್ಲಿ ಅವರಿಗೆ ಪಾಲಿರಲಿಲ್ಲ. ಇ-ಮೇಲ್‌ಗಳಲ್ಲಿ ವಿಚಾರಿಸಿದರು. ಸಂಶಯಗಳನ್ನು ದಾಖಲಿಸಿ ಉತ್ತರ ಸಿಗುವ ತನಕ ಬೆನ್ನುಹತ್ತುವ ಪದ್ಧತಿಯೊಂದು ಅಲ್ಲಿತ್ತು. ಅದನ್ನು ಸರಿಯಾಗಿ ಬಳಸಲಿಲ್ಲವೆಂದು ತನಿಖಾ ವರದಿ ಹೇಳಿತು.

"ಅಂದರೆ ನನ್ನ ವಾಟ್ಸಾಪಿನ ಹಾಗೆ" ಎಂದು ನಕ್ಕ.

ಮೂರು ದೂರನ್ನೂ ಒಟ್ಟಿಗೆ ಹೊತ್ತುಕೊಂಡು ಹೋಗಬೇಡ ಮಾರಾಯ, ಬಿಲ್ಲಿನದ್ದೊಂದನ್ನೇ ಹಿಡಿ ಎಂದೆ. ಮೊದಲು ಆ ಹಿರಿಯರೊಬ್ಬರನ್ನೇ ಕಂಡು, ಪಟ್ಟಿ ಏಕೆ ಬರೆದಿಟ್ಟಿಲ್ಲವೆಂದು ಕೇಳು. ಕೆಳಗಿನ ಗದ್ದೆಯ ನೀರಿನಂಥ ಕಾರಣ ಅವರಲ್ಲಿಯೂ ಇರಬಹುದು. ಆಮೇಲೆ ನಿಮ್ಮ ತಂಡದ ಕೆಲಸದ ದಾಖಲೆಯಲ್ಲಿ ತಾರೀಕು ಸಹಿತ ಸೇರಿಸು. ಪಟ್ಟಿಯನ್ನು ನಾನೇ ಬರೆಯುತ್ತೇನೆಂದೂ ಹೇಳು.

ಎಲ್ಲ ಭಾರವನ್ನೂ ಹೊಸಬನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಬಿಡದಿಯಲ್ಲಿ ಕಾರು ತಯಾರಿಸುವ ಟೊಯೋಟಾ ಕಂಪೆನಿಯ ಪದ್ಧತಿಯಲ್ಲಿ, ಕೆಲಸದ ಸಾಲಿನಲ್ಲಿ ನಿಂತ ಯಾವನೇ ಆಗಲಿ, ತಪ್ಪು ಕಂಡರೆ ತಲೆಯ ಮೇಲಿನ ಹಗ್ಗ ಎಳೆಯಬೇಕು. ಮೇಲಿನವನು ಓಡಿಬರುತ್ತಾನೆ; ಕೂಡಲೇ ಸರಿಹೋಗದಿದ್ದರೆ ಸಾಲೇ ನಿಲ್ಲುತ್ತದೆ. ಎಳೆದವನಿಗೆ ಪ್ರೊಬೇಷನ್ ಮುಗಿದಿದೆಯೇ ಎಂದು ಹಗ್ಗ ಕೇಳುವುದಿಲ್ಲ. ಇವನ ಕಚೇರಿಯಲ್ಲಿ ಅಂಥ ಹಗ್ಗ ಯಾರೂ ಕಟ್ಟಿಕೊಟ್ಟಿರಲಿಲ್ಲ.

ಬಾವಲಿಯಲ್ಲಿ ಸಂಜೆ ಗೇಟು ಹಾಕುತ್ತಾರೆಂದು ಬೇಗನೆ ಹೊರಟ. ತಿಂಗಳ ಮೇಲೆ ಫೋನು ಬಂತು. ಹಿರಿಯರು ಮೊದಲು ಮುಖ ಸಿಂಡರಿಸಿ, "ಇದನ್ನೆಲ್ಲ ಬರೆಯಲು ಸಮಯ ಯಾರಿಗಿದೆ?" ಎಂದರಂತೆ. ಇವನು ಹದಿನಾಲ್ಕು ಅಂಶ ಬರೆದು ತೋರಿಸಿದ. ಎರಡನ್ನು ಅವರು ಹೊಡೆದುಹಾಕಿ, ಇವನಿಗೆ ಹೊಳೆಯದಿದ್ದ ಐದನ್ನು ತಾವೇ ಸೇರಿಸಿದರು. ಮುಂದಿನ ಸಲ ಬಿಲ್ಲು ಸರಿಯಾಗಿ ಹೋಯಿತು.

ಬೆಳಗಿನ ಸಭೆ? ಅದು ಈಗಲೂ ಒಂದು ಗಂಟೆ.