ಬಂಡೆಯೊಳಗಿನ ಎಣ್ಣೆ, ಬಂಡೆಯ ಮೇಲಿನ ಮನೆ

ಕರ್ನಾಟಕದಲ್ಲಿ ಕಚ್ಚಾತೈಲ ಕೊಡುವ ಬಾವಿ ಒಂದೂ ಇಲ್ಲ. ಸಮುದ್ರದ ತಳದಲ್ಲಿ ಕೆಸರಿನ ಜೊತೆ ಹೂತುಹೋದ ಜೀವರಾಶಿ ಕೋಟ್ಯಂತರ ವರ್ಷ ಬೆಂದು ತೈಲ, ಅನಿಲಗಳಾಗುತ್ತದೆ. ಅವು ಶೇಖರವಾಗಿ ನಿಲ್ಲಲು ಮರಳುಗಲ್ಲಿನಂಥ ಸಣ್ಣ ರಂಧ್ರಗಳುಳ್ಳ ಪದರ ಬೇಕು. ಹಳೆ ಮೈಸೂರಿನ ನೆಲ ಅಂಥದ್ದಲ್ಲ. ಎಚ್.ಡಿ. ಕೋಟೆಗೆ ಸೇರಿದ್ದ ಸರಗೂರಿನ ಹೆಸರನ್ನು ಭೂವಿಜ್ಞಾನಿಗಳು ಒಂದು ಶಿಲಾಸಮೂಹಕ್ಕೇ ಇಟ್ಟಿದ್ದಾರೆ. ಆ ಕಲ್ಲುಗಳ ವಯಸ್ಸು 300 ಕೋಟಿ ವರ್ಷಕ್ಕೂ ಮಿಗಿಲು. ಬೆಟ್ಟದಪುರ, ಪಿರಿಯಾಪಟ್ಟಣ, ಹುಣಸೂರಿನ ಕಡೆ ಕೊಳವೆಬಾವಿ ಕೊರೆಸಿದ ಯಾವ ರೈತನಿಗೂ ಇದು ಗೊತ್ತು: ಮೇಲಿನ ಮಣ್ಣು ಮುಗಿದ ಮೇಲೆ ಬರುವುದು ಗಟ್ಟಿ ಬಂಡೆ, ನೀರು ಸಿಕ್ಕರೂ ಅದರ ಬಿರುಕಿನಲ್ಲೇ ಸಿಗಬೇಕು. ಎಣ್ಣೆ ಹುಟ್ಟುವ ಜಾಗವೇ ಅಲ್ಲ ಅದು. ಆದರೆ ಎಣ್ಣೆ ಕೊಡದ ಇದೇ ಜಾತಿಯ ಬಂಡೆ ಎಣ್ಣೆಯನ್ನು ತುಂಬಿಡಲು ಬಹಳ ಚೆನ್ನಾಗಿ ಒದಗುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಜನವಸತಿಯ ಮಗ್ಗುಲಿಗೇ ತೈಲದ ಕೆಲಸ ಬಂದದ್ದು ಹೀಗೆ.

ಬಾವಿ ಇರುವ ಕಡೆಯ ಅಪಾಯ ದೇಶಕ್ಕೆ ಗೊತ್ತಿಲ್ಲದ್ದಲ್ಲ. ಆಂಧ್ರದ ಗೋದಾವರಿ ಸೀಮೆಯ ಪಾಸರ್ಲಪೂಡಿಯಲ್ಲಿ 1995ರ ಜನವರಿ 8ರಂದು ಒಎನ್‌ಜಿಸಿಯ ಬಾವಿಯೊಂದು ಹಿಡಿತ ತಪ್ಪಿ ಹೊತ್ತಿಕೊಂಡಿತು. ಬೆಂಕಿ ಆರಿಸಲು ಎರಡು ತಿಂಗಳಿಗೂ ಹೆಚ್ಚು ಹಿಡಿಯಿತು. ಅಸ್ಸಾಮಿನ ಬಾಗ್‌ಜಾನ್‌ನಲ್ಲಿ 2020ರ ಮೇ 27ರಂದು ಆಯಿಲ್ ಇಂಡಿಯಾದ ಬಾವಿಯಿಂದ ಅನಿಲ ಚಿಮ್ಮತೊಡಗಿ, ಜೂನ್ 9ರಂದು ಬೆಂಕಿ ಹತ್ತಿತು. ಅಗ್ನಿಶಾಮಕ ದಳದ ಇಬ್ಬರು ಪ್ರಾಣ ಕಳೆದುಕೊಂಡರು, ಸುತ್ತಲಿನ ಮನೆಗಳು ಸುಟ್ಟವು, ಸಾವಿರಾರು ಜನ ಪರಿಹಾರ ಶಿಬಿರ ಸೇರಿದರು, ಪಕ್ಕದ ಮಾಗುರಿ-ಮೊಟಾಪುಂಗ್ ಜೌಗುನೆಲಕ್ಕೂ ಹಾನಿಯಾಯಿತು. ಆ ಬಾವಿ ಪೂರ್ತಿ ಹತೋಟಿಗೆ ಬಂದದ್ದು ನವೆಂಬರ್‌ನಲ್ಲಿ. ಅದೇ ವರ್ಷದ ಜನವರಿ 16ರಂದು ಕೇಂದ್ರ ಪರಿಸರ ಸಚಿವಾಲಯ ತೈಲ, ಅನಿಲದ ಶೋಧನೆಯ ಕೊರೆತವನ್ನು ‘ಬಿ2’ ವರ್ಗಕ್ಕೆ ಇಳಿಸಿತ್ತು. ಆ ವರ್ಗದ ಕೆಲಸಕ್ಕೆ ಊರಿನವರನ್ನು ಕೂರಿಸಿ ಅಹವಾಲು ಕೇಳುವ ಸಾರ್ವಜನಿಕ ವಿಚಾರಣೆ ಬೇಕಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ 2022ರಲ್ಲಿ ಇದಕ್ಕೆ ಎದುರು ದಿಕ್ಕಿನಲ್ಲಿ ನಡೆದು, ಮನೆ, ಶಾಲೆ, ಆಸ್ಪತ್ರೆಗಳಿಂದ 3,200 ಅಡಿಯೊಳಗೆ ಹೊಸ ಬಾವಿ ಕೂಡದೆಂದು ಕಾನೂನು ಮಾಡಿತು.

ಕರ್ನಾಟಕಕ್ಕೆ ತೈಲ ಬಂದ ದಾರಿ ಬೇರೆ. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ರಫ್ತಿಗೆ ತಡೆ ಹಾಕಿದಾಗ ಆಮದು ನಂಬಿದ್ದ ದೇಶಗಳಿಗೆಲ್ಲ ಬಿಸಿ ತಟ್ಟಿತು. ಮರುವರ್ಷ ಹುಟ್ಟಿದ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ತನ್ನ ಸದಸ್ಯರು 90 ದಿನಗಳ ಆಮದಿನಷ್ಟು ತೈಲವನ್ನು ಕೂಡಿಟ್ಟಿರಬೇಕೆಂದು ಕಟ್ಟುಮಾಡಿತು. ಭಾರತಕ್ಕೆ ಅಂಥ ಪೆಟ್ಟು ಬಿದ್ದದ್ದು 1990ರಲ್ಲಿ, ಇರಾಕ್ ಕುವೈತಿನ ಮೇಲೆ ದಂಡೆತ್ತಿ ಹೋದಾಗ. ಎಣ್ಣೆಯ ಬೆಲೆ ಏರಿತು, ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿಯಿತು. ದೇಶಕ್ಕೊಂದು ತೈಲ ಕಣಜ ಬೇಕೆಂಬ ಮಾತು ಗಟ್ಟಿಯಾದದ್ದು ಈ ಅನುಭವದ ನಂತರ. 2004ರಲ್ಲಿ ಇಂಡಿಯನ್ ಸ್ಟ್ರಾಟೆಜಿಕ್ ಪೆಟ್ರೋಲಿಯಂ ರಿಸರ್ವ್ಸ್ ಲಿಮಿಟೆಡ್, ಅಂದರೆ ಐಎಸ್‌ಪಿಆರ್‌ಎಲ್, ಸ್ಥಾಪನೆಯಾಯಿತು.

ಅದು ಆರಿಸಿದ ಮೂರು ತಾಣಗಳಲ್ಲಿ ಎರಡು ಕರ್ನಾಟಕದವು. ವಿಶಾಖಪಟ್ಟಣಕ್ಕೆ 13.3 ಲಕ್ಷ ಟನ್, ಮಂಗಳೂರಿಗೆ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಕಾಪು ಬಳಿಯ ಪಾದೂರಿಗೆ 25 ಲಕ್ಷ ಟನ್. ಮೂರೂ ತುಂಬಿದರೆ ದೇಶದ ಸುಮಾರು ಒಂಬತ್ತೂವರೆ ದಿನಗಳ ಅಗತ್ಯ ತೀರುತ್ತದೆ ಎಂಬುದು ಸರ್ಕಾರದ ಲೆಕ್ಕ. ಕರಾವಳಿಯ ಆಯ್ಕೆಗೆ ಕಾರಣಗಳಿದ್ದವು. ಹಡಗು ಬರುತ್ತದೆ, 1988ರಲ್ಲಿ ಸ್ಥಾಪನೆಯಾದ ಎಂಆರ್‌ಪಿಎಲ್ ಸಂಸ್ಕರಣಾಗಾರ ಹತ್ತಿರದಲ್ಲಿದೆ, ನೆಲದಡಿ ಗಟ್ಟಿ ಬಂಡೆ ಇದೆ, ಮೇಲೆ ಧಾರಾಳ ಮಳೆ ಬೀಳುತ್ತದೆ. ಈ ಮಳೆಯ ಪಾತ್ರ ಹೊರನೋಟಕ್ಕೆ ಕಾಣದಷ್ಟು ದೊಡ್ಡದು.

ಪಾದೂರಿನ ಭಂಡಾರ ಉಕ್ಕಿನ ಟ್ಯಾಂಕಲ್ಲ. ಬಂಡೆಯೊಳಗೆ ಕೊರೆದ ಗುಹೆ. ಅಗಲ ಸುಮಾರು 20 ಮೀಟರ್, ಎತ್ತರ ಸುಮಾರು 30 ಮೀಟರ್, ಉದ್ದಕ್ಕೆ ನೂರಾರು ಮೀಟರ್. ಒಳಗೋಡೆಗೆ ಉಕ್ಕಿನ ಹಾಳೆಯಾಗಲೀ ಎಣ್ಣೆ ತಡೆಯುವ ಬೇರೆ ಹೊದಿಕೆಯಾಗಲೀ ಇಲ್ಲ. ಎಣ್ಣೆಯನ್ನು ಹಿಡಿದಿಡುವುದು ಸುತ್ತಲಿನ ನೀರು. ಬಂಡೆ ಎಷ್ಟೇ ಗಟ್ಟಿಯಿದ್ದರೂ ಅದರಲ್ಲಿ ಸಣ್ಣ ಬಿರುಕುಗಳಿರುತ್ತವೆ, ಬಿರುಕುಗಳಲ್ಲಿ ಅಂತರ್ಜಲ ತುಂಬಿರುತ್ತದೆ. ಗುಹೆಯನ್ನು ಅಂತರ್ಜಲದ ಮಟ್ಟಕ್ಕಿಂತ ಬಹಳ ಕೆಳಗೆ ತೋಡಿದಾಗ ಹೊರಗಿನ ನೀರಿನ ಒತ್ತಡ ಒಳಗಿನ ಎಣ್ಣೆಯ ಒತ್ತಡಕ್ಕಿಂತ ಹೆಚ್ಚಾಗುತ್ತದೆ. ನೀರು ಒಳಕ್ಕೆ ಜಿನುಗುತ್ತದೆ, ಎಣ್ಣೆ ಹೊರಕ್ಕೆ ಹೋಗಲಾರದು. ಜಿನುಗಿದ ನೀರು ಎಣ್ಣೆಗಿಂತ ಭಾರವಾದ್ದರಿಂದ ತಳ ಸೇರುತ್ತದೆ. ಅದನ್ನು ಪಂಪಿನಿಂದ ಮೇಲೆತ್ತಿ ಶುದ್ಧೀಕರಿಸುತ್ತಾರೆ. ಈ ಉಪಾಯ ಸ್ವೀಡನ್ನಿನಲ್ಲಿ ಎರಡನೆಯ ಮಹಾಯುದ್ಧದ ಹೊತ್ತಿಗೆ ಹುಟ್ಟಿದ್ದು.

ನೀರಿನ ಒತ್ತಡವನ್ನು ಪ್ರಕೃತಿಯ ಪಾಲಿಗೆ ಬಿಟ್ಟರೆ ಸಾಲದು. ಗುಹೆಯ ಮಾಡಿನ ಮೇಲ್ಭಾಗದಲ್ಲಿ ಕಿರಿದಾದ ಸುರಂಗಗಳನ್ನು ಕೊರೆದು, ಅವುಗಳಿಂದ ಸಾಲುಸಾಲು ರಂಧ್ರಗಳನ್ನು ಬಂಡೆಯೊಳಕ್ಕೆ ಇಳಿಸಿ, ಅವುಗಳಲ್ಲಿ ಸದಾ ನೀರು ತುಂಬಿರುವಂತೆ ನೋಡಿಕೊಳ್ಳುತ್ತಾರೆ. ಎಂಜಿನಿಯರುಗಳು ಇದನ್ನು ನೀರಿನ ಪರದೆ ಎನ್ನುತ್ತಾರೆ. ಈ ಪರದೆ ಎಲ್ಲಾದರೂ ಹರಿದರೆ, ಅಂದರೆ ಅಂತರ್ಜಲ ಒಂದು ಮಟ್ಟಕ್ಕಿಂತ ಕೆಳಗಿಳಿದರೆ, ಎಣ್ಣೆಯ ಆವಿಗೆ ಬಂಡೆಯ ಬಿರುಕಿನಲ್ಲಿ ದಾರಿ ಸಿಗುತ್ತದೆ. ಆದ್ದರಿಂದ ಭಂಡಾರದ ಭದ್ರತೆ ಮತ್ತು ಸುತ್ತಲ ಊರಿನ ಬಾವಿಯ ನೀರು ಬೇರೆಬೇರೆ ವಿಷಯಗಳಲ್ಲ. ಭಂಡಾರಕ್ಕೆ ಅಂತರ್ಜಲ ಬೇಕು, ಊರಿಗೂ ಅದೇ ಬೇಕು. ಕರಾವಳಿಯ ಮನೆಬಾವಿಗಳು ಮೇಲಿನ ಕೆಂಪುಕಲ್ಲಿನ ಪದರದಲ್ಲಿವೆ, ಗುಹೆ ಅದರಡಿಯ ಬಂಡೆಯಲ್ಲಿದೆ ಎಂಬ ಸಮಾಧಾನ ಅರ್ಧ ಮಾತ್ರ ಸರಿ. ಎರಡು ಪದರಗಳ ನಡುವೆ ನೀರು ಎಷ್ಟು ಓಡಾಡುತ್ತದೆ ಎಂಬುದು ಪ್ರತಿ ಜಾಗದಲ್ಲೂ ಬಾವಿಬಾವಿಯಲ್ಲಿ ಅಳೆದೇ ತಿಳಿಯಬೇಕಾದದ್ದು.

ಗುಹೆ ತೋಡುವ ವರ್ಷಗಳೇ ಮನೆಯವರಿಗೆ ಅತಿ ಕಷ್ಟದವು. ಸುರಂಗದ ಮುಖಕ್ಕೆ ಯಂತ್ರದಿಂದ ಹತ್ತಾರು ಕುಳಿ ಕೊರೆದು, ಸಿಡಿಮದ್ದು ತುಂಬಿ, ಒಂದೊಂದು ಗುಂಪು ಕುಳಿ ಕೆಲವು ಮಿಲಿಸೆಕೆಂಡುಗಳ ಅಂತರದಲ್ಲಿ ಸಿಡಿಯುವಂತೆ ಜೋಡಿಸುತ್ತಾರೆ. ಒಂದೇ ಸಲಕ್ಕೆ ಎಲ್ಲವನ್ನೂ ಸಿಡಿಸಿದರೆ ನೆಲದ ಅಲುಗಾಟ ಹೆಚ್ಚು. ಬಿಡಿಬಿಡಿಯಾಗಿ ಸಿಡಿಸಿದರೆ ಕಡಿಮೆ. ಒಂದು ಸಿಡಿತಕ್ಕೆ ಎಷ್ಟು ಕಿಲೋ ಮದ್ದು, ಮನೆ ಎಷ್ಟು ದೂರ ಎಂಬ ಎರಡೇ ಅಂಶಗಳು ಗೋಡೆಗೆ ತಲುಪುವ ಕಂಪನವನ್ನು ಬಹುಮಟ್ಟಿಗೆ ನಿರ್ಧರಿಸುತ್ತವೆ. ಪಾದೂರಿನ ಕೆಲಸ ನಡೆಯುವಾಗ ಸುತ್ತಲಿನವರು ಗೋಡೆ ಬಿರುಕು ಬಿಟ್ಟಿದೆ ಎಂದು ಮತ್ತೆಮತ್ತೆ ದೂರಿದರು.

ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆ ಗಣಿಗಳ ಸಿಡಿತಕ್ಕೆ ಮಿತಿ ಹಾಕಿದೆ. ಗಣಿಯವರಿಗೆ ಸೇರದ ವಾಸದ ಮನೆಯ ಬಳಿ ನೆಲದ ಕಂಪನದ ವೇಗ, ಅಲೆ 8 ಹರ್ಟ್ಸ್‌ಗಿಂತ ಕಡಿಮೆಯಿದ್ದರೆ ಸೆಕೆಂಡಿಗೆ 5 ಮಿಲಿಮೀಟರ್, 8ರಿಂದ 25 ಹರ್ಟ್ಸ್ ಇದ್ದರೆ 10, ಅದಕ್ಕೂ ಮೀರಿದರೆ 15 ದಾಟಬಾರದು. ಪುರಾತನ ಕಟ್ಟಡಗಳಿಗೆ ಇದೇ ಮಿತಿ 2, 5, 10. ನಿಧಾನದ ಅಲೆಗೆ ಮಿತಿ ಬಿಗಿಯಾಗಿರುವುದಕ್ಕೆ ಕಾರಣವಿದೆ: ಮನೆ ತಾನೂ ನಿಧಾನವಾಗಿ ತೂಗುವ ವಸ್ತು, ಅಲೆ ಅದರ ತಾಳಕ್ಕೆ ಹೊಂದಿದರೆ ತೂಗಾಟ ಹೆಚ್ಚುತ್ತದೆ.

ಮೈಸೂರು ಸೀಮೆಗೆ ಈ ಲೆಕ್ಕ ಹೊಸದಲ್ಲ. ಪಾಂಡವಪುರದ ಬೇಬಿ ಬೆಟ್ಟದ ಕಲ್ಲುಗಣಿಗಳ ಸಿಡಿತ ಕನ್ನಂಬಾಡಿ ಕಟ್ಟೆಗೆ ಕೇಡು ಮಾಡೀತೇ ಎಂಬ ವಾದ ವರ್ಷಗಟ್ಟಲೆ ನಡೆದು, ಪರೀಕ್ಷಾರ್ಥ ಸ್ಫೋಟಕ್ಕೂ ರೈತರು ಅಡ್ಡ ನಿಂತು, ಕೊನೆಗೆ 2024ರ ಜನವರಿಯಲ್ಲಿ ಹೈಕೋರ್ಟ್ ಕಟ್ಟೆಯ ಸುತ್ತಲಿನ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಗೆ ತಡೆ ಹಾಕಿತು. ಕಟ್ಟೆಯ ಪರವಾಗಿ ಇಡೀ ಸೀಮೆ ಮಾತಾಡಿತು. ಒಂಟಿ ಮನೆಯ ಪರವಾಗಿ ಮಾತಾಡಲು ಆ ಮನೆಯವರ ಹೊರತು ಯಾರೂ ಇರುವುದಿಲ್ಲ. ಅವರ ಕೈಯಲ್ಲಿ ಪುರಾವೆಯೂ ಇರುವುದಿಲ್ಲ. ಸಿಡಿತ ಶುರುವಾಗುವ ಮೊದಲೇ ಪ್ರತಿ ಮನೆಯ ಗೋಡೆಯ ಫೋಟೊ ತೆಗೆದು, ಪ್ರತಿ ಬಾವಿಯ ನೀರಿನ ಮಟ್ಟ ಮತ್ತು ಗುಣ ಬರೆದಿಟ್ಟು, ಅದರ ಒಂದು ಪ್ರತಿಯನ್ನು ಮನೆಯವರಿಗೆ ಕೊಡದೆ ಹೋದರೆ, ಆಮೇಲೆ ಕಾಣಿಸಿದ ಬಿರುಕು ಹಳೆಯದೋ ಹೊಸದೋ ಎಂದು ಯಾವ ತಜ್ಞನೂ ಖಚಿತವಾಗಿ ಹೇಳಲಾರ. ಇಂಥ ದಾಖಲೆಗೆ ತಗಲುವ ಖರ್ಚು ಯೋಜನೆಯ ಮೊತ್ತದ ಮುಂದೆ ಏನೇನೂ ಅಲ್ಲ. ಅದನ್ನು ಮಾಡದಿರುವುದಕ್ಕೆ ಒಪ್ಪುವಂಥ ಕಾರಣವೇ ಇಲ್ಲ.

ಪಾದೂರಿನ ಭಂಡಾರ 2018ರ ಕೊನೆಗೆ ಸಿದ್ಧವಾಯಿತು. ಅದೇ ವರ್ಷ ಪಾದೂರಿನಲ್ಲಿ ಇನ್ನೂ 25 ಲಕ್ಷ ಟನ್ ತುಂಬುವ ಎರಡನೆಯ ಹಂತಕ್ಕೆ ಕೇಂದ್ರ ಸಂಪುಟ ತಾತ್ವಿಕ ಒಪ್ಪಿಗೆ ಕೊಟ್ಟಿತು. 2021ರ ಜುಲೈನಲ್ಲಿ ಖಾಸಗಿ ಸಹಭಾಗಿತ್ವದ ಮಾದರಿಗೆ ಮಂಜೂರಾತಿ ಸಿಕ್ಕಿತು. ಊರಿನ ಒಂದು ಪಾಲು ಜನ ಭೂಮಿ ಕೊಡಲು ಒಪ್ಪುತ್ತಿಲ್ಲ. ಬೇಲಿಗೆ ತಾಗಿಕೊಂಡೇ ಇರುವ ಕೆಲವರ ಬೇಡಿಕೆ ಇದಕ್ಕೆ ತದ್ವಿರುದ್ಧ: ತಮ್ಮನ್ನೂ ಸುರಕ್ಷಾ ವಲಯಕ್ಕೆ ಸೇರಿಸಿ, ಜಾಗ ತೆಗೆದುಕೊಂಡು, ತಕ್ಕ ಪರಿಹಾರ ಕೊಡಿ ಎನ್ನುತ್ತಾರೆ. ಎರಡರ ಹಿಂದಿರುವುದೂ ಒಂದೇ ಚಿಂತೆ. ಬೇಲಿಯ ಒಳಗಿದ್ದವನಿಗೆ ಪರಿಹಾರ ಸಿಕ್ಕಿತು, ಬೇಲಿಯ ಹೊರಗೆ ಉಳಿದವನಿಗೆ ಅಪಾಯ ಮಾತ್ರ ಉಳಿಯಿತು.

ಮಂಗಳೂರಿನ ಜೋಕಟ್ಟೆಯಲ್ಲಿ ಈ ಚಿಂತೆ ಹೋರಾಟವಾಗಿ ಬೆಳೆಯಿತು. ಎಂಆರ್‌ಪಿಎಲ್‌ನ ಮೂರನೆಯ ಹಂತದ ಕೋಕ್ ಘಟಕ ಬಂದ ಮೇಲೆ ಕರಿಧೂಳು, ವಾಸನೆ, ಸದ್ದಿನ ವಿರುದ್ಧ ನಿವಾಸಿಗಳು ಸಂಘಟಿತರಾದರು. ಘಟಕ ಮತ್ತು ಮನೆಗಳ ನಡುವೆ ಹಸಿರು ವಲಯ ಬೆಳೆಸುವುದೂ ಸೇರಿ ಹಲವು ಕ್ರಮಗಳಿಗೆ 2016ರಲ್ಲಿ ಸರ್ಕಾರ ಆದೇಶ ಹೊರಡಿಸಿತು. ಅದೇ ಸಂಸ್ಕರಣಾಗಾರದಲ್ಲಿ 2025ರ ಜುಲೈ 12ರಂದು ಹೈಡ್ರೋಜನ್ ಸಲ್ಫೈಡ್ ಸೋರಿ ಇಬ್ಬರು ನೌಕರರು ಸತ್ತರು. ಗಂಧಕದ ಅಂಶವಿರುವ ಕಚ್ಚಾತೈಲದಿಂದ ಬರುವ ಈ ಅನಿಲ ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯ ವಾಸನೆ ಕೊಡುತ್ತದೆ. ಹೆಚ್ಚಾದರೆ ಮೂಗಿನ ಗ್ರಹಿಕೆಯನ್ನೇ ಕೊಲ್ಲುತ್ತದೆ. ವಾಸನೆ ನಿಂತಿತೆಂದು ಹತ್ತಿರ ಹೋದವರ ಪ್ರಾಣಕ್ಕೇ ಅಪಾಯ.

ಕರಾವಳಿಯ ಎಣ್ಣೆ, ಅನಿಲ ಘಟ್ಟ ಹತ್ತಿ ಒಳನಾಡಿಗೆ ಬರುವ ದಾರಿಯಲ್ಲೂ ಮನೆಗಳಿವೆ. 2013ರ ಏಪ್ರಿಲ್ 9ರಂದು ಬಂಟ್ವಾಳದ ಪೆರ್ನೆಯಲ್ಲಿ ಎಲ್‌ಪಿಜಿ ಟ್ಯಾಂಕರ್ ಉರುಳಿ ಸಿಡಿದು, ರಸ್ತೆ ಬದಿಯ ಮನೆ, ಅಂಗಡಿಗಳು ಸುಟ್ಟು, ಅನೇಕರು ಬಲಿಯಾದರು. ಹೆದ್ದಾರಿಯ ಟ್ಯಾಂಕರಿಗಿಂತ ನೆಲದಡಿಯ ಕೊಳವೆ ಮೇಲು ಎಂಬುದು ನಿಜ. ಪೆಟ್ರೋಲ್, ಡೀಸೆಲ್ ಸಾಗಿಸುವ ಮಂಗಳೂರು–ಹಾಸನ–ಬೆಂಗಳೂರು ಕೊಳವೆ 2003ರಲ್ಲೇ ಬಂದಿತ್ತು. ನಂತರ ಎಚ್‌ಪಿಸಿಎಲ್ ಮಂಗಳೂರಿನಿಂದ ಹಾಸನ, ಮೈಸೂರು, ಸೋಲೂರಿಗೆ ಎಲ್‌ಪಿಜಿ ಕೊಳವೆ ಹಾಕಿತು. ಆದರೆ ಕೊಳವೆಯನ್ನೂ ನಿಗಾ ಇಟ್ಟು ಕಾಯಬೇಕು. ಆಂಧ್ರದ ನಗರಂ ಗ್ರಾಮದಲ್ಲಿ 2014ರ ಜೂನ್ 27ರ ನಸುಕಿನಲ್ಲಿ ಗೇಲ್ ಸಂಸ್ಥೆಯ ಅನಿಲ ಕೊಳವೆ ಸೋರಿ ಹೊತ್ತಿಕೊಂಡಾಗ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಎಲ್‌ಪಿಜಿ ಗಾಳಿಗಿಂತ ಭಾರವಾದದ್ದು. ಸೋರಿದರೆ ಮೇಲೆ ಹಾರದೆ ಹಳ್ಳ, ಚರಂಡಿ, ತಗ್ಗಿನ ಗದ್ದೆಯಲ್ಲಿ ಕೂರುತ್ತದೆ. ಕೊಳವೆಯ ಗುರುತುಕಲ್ಲು ನೋಡದೆ ಜೆಸಿಬಿ ಇಳಿಸುವುದು ಅಪಾಯಕ್ಕೆ ನೇರ ದಾರಿ.

ಕೊಳವೆ ಹಾದುಹೋಗುವ ಹೊಲದ ಹಕ್ಕನ್ನು ನಿಗದಿ ಮಾಡಿರುವುದು 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆಮಾರ್ಗ ಕಾಯ್ದೆ. ಅದರಂತೆ ಜಮೀನು ರೈತನ ಹೆಸರಿನಲ್ಲೇ ಉಳಿಯುತ್ತದೆ. ಬಳಕೆಯ ಹಕ್ಕು ಮಾತ್ರ ಸರ್ಕಾರಕ್ಕೆ ಅಥವಾ ಕಂಪನಿಗೆ ಹೋಗುತ್ತದೆ. ಕೊಳವೆ ಸಾಗುವ ನೆಲಪಟ್ಟಿಯ ಮೇಲೆ ರಾಗಿ, ಜೋಳ, ಹೊಗೆಸೊಪ್ಪು ಬೆಳೆಯಬಹುದು. ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಕೆರೆಕಟ್ಟೆ ಮಾಡುವಂತಿಲ್ಲ, ಮರ ನೆಡುವಂತಿಲ್ಲ. ತೆಂಗು ಹಾಕಬೇಕೆಂದಿದ್ದ ರೈತನ ತೋಟದ ಆಸೆ ಅಲ್ಲಿಗೆ ಮುಗಿಯಿತು. ಇದಕ್ಕೆ ಕಾಯ್ದೆ ಕೊಡಿಸುವುದು, ಬೆಳೆನಷ್ಟದ ಪರಿಹಾರದ ಜೊತೆಗೆ, ಆ ಪಟ್ಟಿಯ ಮಾರುಕಟ್ಟೆ ಬೆಲೆಯ ಶೇ 10 ಮಾತ್ರ. ಅರವತ್ತು ವರ್ಷಗಳ ಹಿಂದಿನ ಆ ಪ್ರಮಾಣ ತೋಟದ ಬೆಳೆ, ನಿವೇಶನದ ಬೆಲೆ ಎರಡೂ ಏರಿರುವ ಈ ಕಾಲಕ್ಕೆ ನ್ಯಾಯವಾದದ್ದಲ್ಲ. ಸಕ್ಷಮ ಪ್ರಾಧಿಕಾರ ಗೊತ್ತುಮಾಡಿದ ಮೊತ್ತ ಒಪ್ಪಿಗೆಯಾಗದ ರೈತ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬಹುದು.