ಪೆನಿಸಿಲಿನ್ ಮರೆಸಿದ ಗಂಟಲಬೇನೆ

ಪ್ಯಾರಿಸ್ಸಿನ ಕ್ಲಾಡ್ ಬರ್ನಾರ್ ಆಸ್ಪತ್ರೆಯ ವೈದ್ಯ ಆಂದ್ರೆ ಲೆಮಿಯೇರ್ 1936ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಗೆ 20 ರೋಗಿಗಳ ವಿವರ ಬರೆದರು. ಅವರಲ್ಲಿ 18 ಮಂದಿ ತೀರಿಕೊಂಡಿದ್ದರು. ಮೊದಲು ಗಂಟಲು ನೋವು. ಕೆಲವು ದಿನಗಳ ಮೇಲೆ ಗಡಗಡ ನಡುಗಿಸುವ ಚಳಿಜ್ವರ. ಆಮೇಲೆ ಎದೆನೋವು, ಕೀಲುಗಳಲ್ಲಿ ಕೀವು. ಈ ಲಕ್ಷಣಗಳು ಒಟ್ಟಿಗೆ ಕಂಡರೆ ವೈದ್ಯರು ಎಡವುವುದು ಬಹುಮಟ್ಟಿಗೆ ಅಸಾಧ್ಯ ಎಂಬುದು ಅವರ ದೃಢ ನಂಬಿಕೆಯಾಗಿತ್ತು.

ಇಂಥ ರೋಗಿಗಳ ಬಗ್ಗೆ ಬರೆದವರಲ್ಲಿ ಲೆಮಿಯೇರ್ ಮೊದಲಿಗರಲ್ಲ. ಕೂರ್ಮೋ ಮತ್ತು ಕಾದ್ ಎಂಬ ವೈದ್ಯರು 1900ರಲ್ಲೇ ಬರೆದಿದ್ದರು. ಆದರೆ ರೋಗಕ್ಕೆ ಉಳಿದದ್ದು ಲೆಮಿಯೇರ್ ಹೆಸರು.

ಇದರ ಹಿಂದಿರುವುದು ಫ್ಯೂಸೋಬ್ಯಾಕ್ಟೀರಿಯಂ ನೆಕ್ರೋಫೋರಂ, ಆಮ್ಲಜನಕ ಇರುವಲ್ಲಿ ಬೆಳೆಯದ ಬ್ಯಾಕ್ಟೀರಿಯಾ. ದನ, ಕುರಿಗಳ ಗೊರಸು ಕೊಳೆಯುವ ರೋಗದಲ್ಲೂ ಇದರ ಕೈವಾಡವಿರುವುದರಿಂದ ಪಶುವೈದ್ಯರಿಗೆ ಇದು ಹಳೆಯ ಪರಿಚಯ. ಮನುಷ್ಯರಲ್ಲಿ ಅದು ಟಾನ್ಸಿಲ್ ಸುತ್ತಲಿನ ಸಣ್ಣ ರಕ್ತನಾಳಗಳನ್ನು ಹೊಕ್ಕು, ತಲೆಯ ರಕ್ತವನ್ನು ಹೃದಯಕ್ಕೆ ಇಳಿಸುವ ಕತ್ತಿನ ದೊಡ್ಡ ಅಭಿಧಮನಿಯನ್ನು ತಲುಪುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಸೋಂಕು ತುಂಬಿದ ಆ ಹೆಪ್ಪಿನ ಚೂರುಗಳು ಕಳಚಿ, ಹೃದಯದ ಬಲಭಾಗವನ್ನು ದಾಟಿ, ಶ್ವಾಸಕೋಶದಲ್ಲಿ ಸಿಕ್ಕಿಕೊಂಡು ಕೀವು ಮಾಡುತ್ತವೆ. ಆಂಟಿಬಯೋಟಿಕ್ ಇಲ್ಲದ ಕಾಲದಲ್ಲಿ ಶಸ್ತ್ರವೈದ್ಯರು ಆ ಅಭಿಧಮನಿಯನ್ನೇ ದಾರದಿಂದ ಬಿಗಿದು ಕಟ್ಟಿ ನೋಡುತ್ತಿದ್ದರು.

ಎರಡನೆಯ ಮಹಾಯುದ್ಧದ ಬಳಿಕ ಪೆನಿಸಿಲಿನ್ ಜನಸಾಮಾನ್ಯರಿಗೂ ಸಿಗತೊಡಗಿತು. ಗಂಟಲು ನೋವಿಗೆಲ್ಲ ಅದನ್ನೇ ಕೊಡತೊಡಗಿದ ಮೇಲೆ ರೋಗ ಹೆಚ್ಚುಕಡಿಮೆ ಕಣ್ಮರೆಯಾಯಿತು. ಜೊತೆಗೆ ವೈದ್ಯರ ನೆನಪಿನಿಂದಲೂ ಜಾರಿತು. ‘ಮರೆತುಹೋದ ರೋಗ’ ಎಂಬ ಅಡ್ಡಹೆಸರು ಬಿದ್ದದ್ದು ಹೀಗೆ.

1990ರ ದಶಕದ ಕೊನೆಗೆ ಯುರೋಪಿನಲ್ಲಿ ಅದು ಮತ್ತೆ ತಲೆಯೆತ್ತಿತು. ಡೆನ್ಮಾರ್ಕಿನಲ್ಲಿ 1998ರಿಂದ 2001ರವರೆಗಿನ ಲೆಕ್ಕದಂತೆ ವರ್ಷಕ್ಕೆ 10 ಲಕ್ಷ ಜನರಲ್ಲಿ 3.6 ಮಂದಿಗೆ ಈ ರೋಗ. 15ರಿಂದ 24ರ ಪ್ರಾಯದವರಲ್ಲಿ 14.4 ಮಂದಿಗೆ. ಗಂಟಲು ನೋವಿಗೆ ಆಂಟಿಬಯೋಟಿಕ್ ಬರೆಯುವುದು ಕಡಿಮೆಯಾದದ್ದೇ ಕಾರಣ ಎಂದು ಕೆಲವರು, ಪ್ರಯೋಗಾಲಯಗಳು ಸುಧಾರಿಸಿದ್ದರಿಂದ ಪತ್ತೆ ಹೆಚ್ಚಿತು ಎಂದು ಕೆಲವರು. ಎರಡರಲ್ಲೂ ಸತ್ಯಾಂಶ ಇರಬಹುದು. ಹಾಗೆಂದು ಎಲ್ಲರಿಗೂ ಮಾತ್ರೆ ನುಂಗಿಸುವುದು ಪರಿಹಾರವಲ್ಲ, ಬಹುಪಾಲು ಗಂಟಲು ನೋವು ವೈರಸ್ಸಿನಿಂದ ಬಂದು ತಾನಾಗಿ ಹೋಗುವಂಥದ್ದು.

ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದ ರಾಬರ್ಟ್ ಸೆಂಟರ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಅಚ್ಚರಿ ತಂದಿತು. ಗಂಟಲು ನೋವೆಂದು ಬಂದ 15ರಿಂದ 30 ವರ್ಷದವರಲ್ಲಿ ಸುಮಾರು ಶೇ 20ರಷ್ಟು ಮಂದಿಯ ಗಂಟಲಲ್ಲಿ ಈ ಬ್ಯಾಕ್ಟೀರಿಯಾ ಇತ್ತು. ವೈದ್ಯರು ಸದಾ ಹುಡುಕುವ ಸ್ಟ್ರೆಪ್ಟೊಕಾಕಸ್ ಸಿಕ್ಕಿದ್ದು ಅದರ ಅರ್ಧದಷ್ಟು ಮಂದಿಯಲ್ಲಿ. ನೋವೇ ಇಲ್ಲದ ಶೇ 9ರಷ್ಟು ಜನರಲ್ಲೂ ಫ್ಯೂಸೋಬ್ಯಾಕ್ಟೀರಿಯಂ ಇತ್ತೆನ್ನಿ. ಇದ್ದ ಮಾತ್ರಕ್ಕೆ ರೋಗವಲ್ಲ. ಆದರೂ ಗಂಟಲಿನ ಸಾಮಾನ್ಯ ಪರೀಕ್ಷೆ ಇದನ್ನು ಹಿಡಿಯುವುದಿಲ್ಲ ಎಂಬುದು ಗಮನಿಸಬೇಕಾದ ಮಾತು. ರೋಗ ಬಲಿತ ಮೇಲೆ ಸುಳಿವು ಕೊಡುವುದು ರಕ್ತದ ಕಲ್ಚರ್ ಮತ್ತು ಕತ್ತಿನ ಸ್ಕ್ಯಾನ್.

ನಮ್ಮಲ್ಲಿ ಗಂಟಲು ಕೆರೆದರೆ ಮೆಡಿಕಲ್ ಶಾಪಿನಿಂದ ಅಜಿಥ್ರೋಮೈಸಿನ್ ತಂದು ನುಂಗುವ ರೂಢಿಯಿದೆ. ಅದರ ಗುಂಪಿನ ಔಷಧಿಗಳನ್ನು ಈ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಲೆಕ್ಕಕ್ಕಿಡುವುದಿಲ್ಲ. ಹೊತ್ತಿಗೆ ಸರಿಯಾಗಿ ಪತ್ತೆಯಾಗಿ, ಸರಿಯಾದ ಆಂಟಿಬಯೋಟಿಕ್ಕನ್ನು ಕೆಲವು ವಾರ ಕೊಟ್ಟರೆ ಇಂದು ಬಹುತೇಕರು ಬದುಕುತ್ತಾರೆ. ಗಂಟಲು ನೋವು ಬಂದು ನಾಲ್ಕೈದು ದಿನಗಳಾದ ಮೇಲೆ ನಡುಕದ ಜ್ವರ, ಕತ್ತಿನ ಒಂದೇ ಪಕ್ಕದಲ್ಲಿ ಊತ, ಉಸಿರೆಳೆದರೆ ಎದೆನೋವು ಕಾಣಿಸಿಕೊಂಡರೆ ಮತ್ತೊಂದು ಮಾತ್ರೆ ಪ್ರಯತ್ನಿಸುತ್ತ ಕೂರಬೇಡಿ, ಅಂದೇ ದೊಡ್ಡ ಆಸ್ಪತ್ರೆಗೆ ಹೋಗಿ.