ಹಳೆಯ ಜೀಪು ಹೊರಡದಿದ್ದರೆ, ದಾರಿಯಲ್ಲಿ ನಿಂತರೆ



ಆಲಂಕಾರಿನಿಂದ ಉಪ್ಪಿನಂಗಡಿಗೆ ಹೋಗುವವರಿಗೂ, ಕಡಬಕ್ಕೆ ಹೋಗುವವರಿಗೂ, ಶಾಂತಿಮೊಗರಿನ ಸೇತುವೆ ದಾಟಿ ಸವಣೂರಿನ ದಾರಿ ಹಿಡಿಯುವವರಿಗೂ ಡಾಮರು ರಸ್ತೆಯ ಮೇಲೆ ಈಗ ಬಸ್ಸುಂಟು, ಕಾರುಂಟು. ಆದರೆ ಡಾಮರು ಮುಗಿದು ತೋಟಕ್ಕೆ ಇಳಿಯುವ ಮಣ್ಣಿನ ದಾರಿ ಇದೆಯಲ್ಲ, ಅಲ್ಲಿಗೆ ಗೊಬ್ಬರ ಇಳಿಸುವುದಕ್ಕೂ ಅಡಿಕೆ ಮೂಟೆ ಮೇಲೆ ತರುವುದಕ್ಕೂ ಹಳೆಯ ಜೀಪೇ ಆಗಬೇಕು. ಮಳೆಗಾಲದ ರಾತ್ರಿ ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಪುತ್ತೂರಿಗೆ ಕರೆದೊಯ್ಯುವುದೂ ಅದರಲ್ಲೇ. ಅಂಥ ಹೊತ್ತಿನಲ್ಲಿ ಜೀಪು ಹೊರಡಲಿಲ್ಲವೆಂದರೆ ಮನೆಯವರ ಅವಸ್ಥೆ ಏನೆಂದು ನಿಮಗೆ ಹೇಳಬೇಕಾದ್ದಿಲ್ಲ.

ಮಹೀಂದ್ರದವರು 1947ರ ಹೊತ್ತಿಗೆ ಅಮೆರಿಕದ ವಿಲ್ಲಿಸ್ ಜೀಪನ್ನು ಈ ದೇಶದಲ್ಲಿ ತಂದು ಜೋಡಿಸತೊಡಗಿದರು. ಅವು ಪೆಟ್ರೋಲಿನವು. ಡೀಸೆಲ್ ಜೀಪುಗಳು ಆಮೇಲೆ ಬಂದವು. ನಮ್ಮ ಕಡೆಯ ಕೊಟ್ಟಿಗೆಗಳಲ್ಲಿ ಇಂದು ಉಳಿದಿರುವುವು ಹೆಚ್ಚಾಗಿ ಈ ಡೀಸೆಲಿನವೇ ಆದುದರಿಂದ ಅವುಗಳ ಮಾತನ್ನೇ ಮೊದಲು ಆಡೋಣ.

ಒಂದು ಸಂಗತಿ ಹೇಳುತ್ತೇನೆ. ನನ್ನ ಪರಿಚಯದ ತೋಟದವರೊಬ್ಬರ ಜೀಪು ಎರಡು ಮೈಲಿ ಓಡಿ ಏರು ಸಿಕ್ಕಿದ ಕೂಡಲೆ ಉಸಿರು ಕಟ್ಟಿದವರ ಹಾಗೆ ಎರಡು ಸಲ ಮುಗ್ಗರಿಸಿ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಕೈಪಂಪು ಒತ್ತಿದರೆ ಮತ್ತೆ ಹೊರಡುತ್ತಿತ್ತು. ಒಬ್ಬರು ಫಿಲ್ಟರು ಬದಲಿಸಿದರು. ಇನ್ನೊಬ್ಬರು ಫೀಡ್ ಪಂಪು ಹೊಸತು ಹಾಕಿದರು. ಮೂರನೆಯವರು ದೊಡ್ಡ ಪಂಪನ್ನೇ ಕಳಚಿ ಮಂಗಳೂರಿಗೆ ಕಳುಹಿಸಿದರು. ಅಡಿಕೆ ಮಾರಿದ ದುಡ್ಡು ಕೈಬಿಟ್ಟು ಹೋಯಿತು, ಜೀಪು ಮಾತ್ರ ಅದೇ ಏರಿನಲ್ಲಿ ಅದೇ ರೀತಿ ನಿಂತಿತು. ಕಡೆಗೆ ಸಿಕ್ಕಿದ್ದು ಏನು? ಟ್ಯಾಂಕಿಯಿಂದ ಬರುವ ಗೇಣುದ್ದದ ರಬ್ಬರು ಹೋಸು, ಕ್ಲಿಪ್ಪಿನ ಅಡಿಯಲ್ಲಿ ಕೂದಲೆಳೆಯಷ್ಟು ಒಡೆದಿತ್ತು. ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಸಾಮಾನು!

ಮೂವರೂ ಕೈಯಲ್ಲಿ ಕೆಲಸ ಇಲ್ಲದವರೇನಲ್ಲ. ಗಾಡಿ ಹೇಗೆ ನಿಂತಿತು ಎಂದು ಅವರು ಕೇಳಲಿಲ್ಲ, ಇವರು ಹೇಳಲೂ ಇಲ್ಲ, ಅಷ್ಟೆ. ಆದುದರಿಂದ ಸ್ಪಾನರು ಹಿಡಿಯುವ ಮೊದಲು ಒಂದು ನಿಮಿಷ ಸುಮ್ಮನೆ ನಿಂತು ನೋಡಿ. ಕೀಲಿ ತಿರುಗಿಸಿದಾಗ ಎಂಜಿನು ತಿರುಗುತ್ತದೆಯೋ ಇಲ್ಲವೋ? ತಿರುಗದಿದ್ದರೆ ಅದು ಕರೆಂಟಿನ ಗೋಳು. ತಿರುಗಿಯೂ ಹತ್ತಿಕೊಳ್ಳದಿದ್ದರೆ ಡೀಸೆಲಿನದ್ದೋ ಶಾಖದ್ದೋ ಇರಬೇಕು. ಈ ಎರಡನ್ನು ಕಲಸಿಕೊಂಡರೆ ಖರ್ಚು ಖಂಡಿತ.

ತಿರುಗದ ಎಂಜಿನಿನ ವಿಷಯ ಸುಲಭ. ದೊಡ್ಡ ದೀಪ ಹಾಕಿಟ್ಟು ಕೀಲಿ ತಿರುಗಿಸಿ. ದೀಪ ಕೆಂಡದ ಹಾಗೆ ಮಂಕಾದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಅದರ ತಲೆಗೆ ಕಟ್ಟಿದ ವಯರು ಸಡಿಲವಾಗಿದೆ. ದೀಪ ಝಗ್ಗನೆ ಉರಿಯುತ್ತಲೇ ಇದ್ದು ಸ್ಟಾರ್ಟರು ಮಾತ್ರ ಮಾತಾಡದಿದ್ದರೆ ಕೀಲಿಯಿಂದ ಸ್ಟಾರ್ಟರಿಗೆ ಹೋಗುವ ಸಣ್ಣ ವಯರನ್ನು ನೋಡಬೇಕು. ಮಳೆಗಾಲದಲ್ಲಿ ಒಂದು ವಾರ ಕೊಟ್ಟಿಗೆಯಲ್ಲಿ ನಿಂತ ಜೀಪಿನ ವಯರು ಇಲಿಗೆ ಫಲಾಹಾರ, ಮರೆಯಬೇಡಿ. ಬ್ಯಾಟರಿಯ ತಲೆಯಲ್ಲಿ ಬಿಳಿಯೋ ಹಸಿರೋ ಕಿಟ್ಟ ಹಿಡಿದಿದ್ದರೆ ಮೊದಲು ಅರ್ತಿನ ವಯರು, ಆಮೇಲೆ ಮತ್ತೊಂದು ಕಳಚಿ, ಅಡಿಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆದು, ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನು ಸವರಿ. ಎಂಜಿನಿನಿಂದ ಚಾಸಿಸಿಗೆ ಒಂದು ಹೆಣೆದ ಅರ್ತಿನ ಪಟ್ಟಿ ಇರುತ್ತದೆ. ಕೆಸರು ಮೆತ್ತಿ ಕಣ್ಣಿಗೆ ಬೀಳದ ಆ ಪಟ್ಟಿ ತುಕ್ಕು ಹಿಡಿದರೆ ಹೊಸ ಬ್ಯಾಟರಿ ತಂದರೂ ಪ್ರಯೋಜನವಿಲ್ಲ. ಸ್ಟಾರ್ಟರನ್ನು ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಒಂದೇ ಸಮನೆ ತಿರುಗಿಸಕೂಡದು. ನಡುವೆ ಒಂದು ನಿಮಿಷ ಬಿಡಿ. ತಿರುಗಿಸಿದ ಮೇಲೆ ಬ್ಯಾಟರಿಯ ತಲೆಗಳನ್ನು ಹುಷಾರಾಗಿ ಮುಟ್ಟಿ ನೋಡಿದರೆ ಸಡಿಲಾದದ್ದು ಬಿಸಿಯಾಗಿರುತ್ತದೆ.

ಇನ್ನು ಎಂಜಿನು ಚೆನ್ನಾಗಿ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಆಗ ಒಬ್ಬರು ಹಿಂದೆ ನಿಂತು ಹೊಗೆಕೊಳವೆಯನ್ನು ನೋಡಬೇಕು. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಒಳಗೆ ಬೀಳುತ್ತಿದೆ, ಉರಿಯುತ್ತಿಲ್ಲ ಎಂದರ್ಥ. ಪ್ಯೂಜೋ ಮಾದರಿಯ ಎಂಜಿನಿರುವ ಎಂ.ಎಂ. 540ರಂಥ ಜೀಪಿನಲ್ಲಿ ನಾಲ್ಕು ಹೀಟರ್ ಪ್ಲಗ್ಗುಗಳಿವೆ. ಅವು ಸತ್ತರೆ ಬೆಳಗಿನ ಚಳಿಗೆ ಎಂಜಿನು ಏಳುವುದಿಲ್ಲ. ಪರೀಕ್ಷೆಗೆ ಒಂದು ಹಳೆಯ ಇಂಡಿಕೇಟರ್ ಬಲ್ಬಿಗೆ ಎರಡು ವಯರು ಕಟ್ಟಿದರೆ ಸಾಕು. ಪ್ಲಗ್ಗುಗಳನ್ನು ಕೂಡಿಸುವ ಪಟ್ಟಿಯನ್ನು ಕಳಚಿ, ಬಲ್ಬಿನ ಒಂದು ವಯರನ್ನು ಬ್ಯಾಟರಿಯ ಪ್ಲಸ್ಸಿಗೂ ಇನ್ನೊಂದನ್ನು ಒಂದೊಂದೇ ಪ್ಲಗ್ಗಿನ ತುದಿಗೂ ಮುಟ್ಟಿಸಿ. ಬಲ್ಬು ಉರಿದರೆ ಆ ಪ್ಲಗ್ಗಿಗೆ ಜೀವ ಉಂಟು. ಕೆಲವರು ಪೆಟ್ರೋಲು ಅದ್ದಿದ ಬಟ್ಟೆಯನ್ನು ಗಾಳಿ ಎಳೆಯುವ ಬಾಯಿಗೆ ಹಿಡಿಯುತ್ತಾರೆ. ಕಾದ ಹೀಟರ್ ಪ್ಲಗ್ಗಿನ ಮುಂದೆ ಅದು ಬೆಂಕಿಯಾಟ, ಬೇಡ ಮಾರಾಯ್ರೇ.

ಹೊಗೆಯೇ ಇಲ್ಲವೆಂದರೆ ಡೀಸೆಲ್ ಬರುತ್ತಿಲ್ಲ. ಎಂಜಿನು ನಿಲ್ಲಿಸುವ ಕೇಬಲ್ಲು ಎಳೆದಲ್ಲೇ ಕಚ್ಚಿಕೊಂಡಿದೆಯೇ ನೋಡಿ. ಇದೇನು ಮಹಾ ಎನ್ನಬೇಡಿ, ಇದಕ್ಕಾಗಿಯೇ ಮೆಕ್ಯಾನಿಕ್ಕನ್ನು ಐದು ಮೈಲಿ ಕರೆಸಿದವರಿದ್ದಾರೆ. ಕೀಲಿಯಿಂದಲೇ ನಿಲ್ಲುವ ಎಂಜಿನಾದರೆ ಪಂಪಿನ ಮೇಲಿನ ಸೊಲೆನಾಯ್ಡಿಗೆ ಕರೆಂಟು ಬರಬೇಕು. ಕೇಬಲ್ಲಿನ ಎಂಜಿನಿಗೆ ಓಡಲು ಕರೆಂಟೇ ಬೇಡ. ಹಾಗಾಗಿ ಓಡುತ್ತ ಓಡುತ್ತ ಅದು ನಿಂತರೆ ಬ್ಯಾಟರಿಯನ್ನು ದೂರುವುದು ವ್ಯರ್ಥ.

ಈಗ ನಮ್ಮ ತೋಟದವರ ಹೋಸಿನ ಕತೆಗೆ ಬರೋಣ. ಟ್ಯಾಂಕಿಯಿಂದ ಫೀಡ್ ಪಂಪಿನವರೆಗೆ ಡೀಸೆಲನ್ನು ದೂಡುವುದಿಲ್ಲ, ಹೀರುತ್ತದೆ. ಹೀರುವ ಕೊಳವೆಯಲ್ಲಿ ತೂತಿದ್ದರೆ ಡೀಸೆಲ್ ಹೊರಗೆ ಸೋರುವ ಬದಲು ಗಾಳಿ ಒಳಗೆ ನುಗ್ಗುತ್ತದೆ. ಎಳನೀರನ್ನು ಒಡೆದ ಕೊಳವೆಯಿಂದ ಹೀರಿದ ಹಾಗೆ. ನೆಲದ ಮೇಲೆ ಒಂದು ತೊಟ್ಟೂ ಬೀಳದ ಕಾರಣ ಯಾರಿಗೂ ಅನುಮಾನ ಬರುವುದಿಲ್ಲ. ಟ್ಯಾಂಕಿ ತುಂಬಿದ್ದಾಗ ಸುಮ್ಮನಿದ್ದು, ಅರೆವಾಸಿ ಇಳಿದ ಮೇಲೆ ಏರಿನಲ್ಲಿ ಕಾಡುವುದು ಇದರ ಗುರುತು. ಇದನ್ನು ಕಣ್ಣಾರೆ ಕಾಣಬೇಕಾದರೆ ಡೀಸೆಲಿಗೆ ತಡೆಯುವ ಪಾರದರ್ಶಕ ಹೋಸಿನ ಒಂದು ತುಂಡನ್ನು ಪಂಪಿನ ಮೊದಲು ಸೇರಿಸಿ ಎಂಜಿನು ಓಡಿಸಿ. ಗುಳ್ಳೆಗಳು ಸಾಲಾಗಿ ಬರುತ್ತಿದ್ದರೆ ಗಾಳಿ ಅದರಿಂದ ಹಿಂದೆ ಎಲ್ಲೋ ಸೇರುತ್ತಿದೆ. ಇನ್ನೊಂದು ಉಪಾಯ, ಶುದ್ಧ ಡೀಸೆಲ್ ತುಂಬಿದ ಕ್ಯಾನನ್ನು ಪಂಪಿಗಿಂತ ಎತ್ತರದಲ್ಲಿಟ್ಟು, ಟ್ಯಾಂಕಿಯ ಕೊಳವೆ ಕಳಚಿ, ಕ್ಯಾನಿನಿಂದಲೇ ಎಂಜಿನಿಗೆ ಕುಡಿಸುವುದು. ಅರ್ಧ ಗಂಟೆ ಸರಿಯಾಗಿ ಓಡಿತೋ, ದೊಡ್ಡ ಪಂಪನ್ನು ಮುಟ್ಟಬೇಡಿ. ತಪ್ಪು ಟ್ಯಾಂಕಿಯಲ್ಲಿ ಅಥವಾ ಅದರ ಕೊಳವೆಯಲ್ಲಿದೆ. ಆಗಲೂ ನಿಂತರೆ ಮಾತ್ರ ಮುಂದಕ್ಕೆ ಫಿಲ್ಟರು, ಪಂಪು ನೋಡಿಸಬೇಕು.

ಟ್ಯಾಂಕಿಯ ಮುಚ್ಚಳಕ್ಕೆ ಗಾಳಿಯಾಡುವ ಸಣ್ಣ ರಂಧ್ರವಿರುತ್ತದೆ. ಕೆಮ್ಮಣ್ಣು ಮೆತ್ತಿ ಅದು ಮುಚ್ಚಿದರೂ ಗಾಡಿ ನಿಲ್ಲುತ್ತದೆ. ಮುಚ್ಚಳ ತೆರೆದಾಗ ಉಸ್ಸೆಂದು ಸದ್ದಾಗಿ, ಆಮೇಲೆ ಗಾಡಿ ಹೊರಟರೆ ರೋಗ ಅದೇ. ಟ್ಯಾಂಕಿಯ ತಳದ ಲೋಳೆಯೂ ಹೀಗೇ ಮಾಡುತ್ತದೆ. ಹೀರುವ ಜಾಲರಿಗೆ ಅಂಟಿ ಉಸಿರು ಕಟ್ಟಿಸುತ್ತದೆ, ಎಂಜಿನು ನಿಂತ ಮೇಲೆ ಕೆಳಗೆ ಬಿದ್ದು ಏನೂ ಅರಿಯದ ಹಾಗೆ ಕೂತಿರುತ್ತದೆ.

ನಮ್ಮ ಸೀಮೆಯ ಮಳೆಗೆ ಡೀಸೆಲಿನಲ್ಲಿ ನೀರು ಸೇರುವುದು ಇನ್ನೊಂದು ಕಾಟ. ಟ್ಯಾಂಕಿ ಖಾಲಿ ಇಟ್ಟಷ್ಟೂ ಒಳಗಿನ ಗಾಳಿಯ ತೇವ ಬೆವರಾಗಿ ಇಳಿಯುತ್ತದೆ. ನೀರು ಡೀಸೆಲಿಗಿಂತ ಭಾರವಾದ್ದರಿಂದ ಫಿಲ್ಟರಿನ ತಳದಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಎಂಜಿನು ಚಾಲೂ ಮಾಡುವ ಮೊದಲು ತಳದ ಸ್ಕ್ರೂ ಸಡಿಲಿಸಿ ಸ್ವಲ್ಪ ಡೀಸೆಲನ್ನು ಗಾಜಿನ ಬಾಟಲಿಗೆ ಹಿಡಿದು ಅರ್ಧ ಗಂಟೆ ಇಡಿ. ಅಡಿಯಲ್ಲಿ ಬೇರೆ ಪದರ ಕಂಡರೆ ಅದು ನೀರು. ಬೋರ್ಡೋ ದ್ರಾವಣ ಕಲಸಿದ ಕ್ಯಾನಿನಲ್ಲಿ ಡೀಸೆಲ್ ತರುವ ಅಭ್ಯಾಸ ನಿಮ್ಮಲ್ಲಿದ್ದರೆ ಇಂದೇ ಬಿಡಿ.

ಫಿಲ್ಟರು ಬಿಚ್ಚಿದ ಮೇಲೆ ಗಾಳಿ ತೆಗೆಯಲೇಬೇಕು. ಫಿಲ್ಟರಿನ ಮೇಲಿನ ಗಾಳಿಸ್ಕ್ರೂ ಸಡಿಲಿಸಿ, ನೊರೆ ನಿಂತು ಬರಿಯ ಡೀಸೆಲ್ ಬರುವ ತನಕ ಕೈಪಂಪು ಒತ್ತಿ, ಒತ್ತುತ್ತಿರುವಾಗಲೇ ಬಿಗಿಯಿರಿ. ಆಮೇಲೆ ದೊಡ್ಡ ಪಂಪಿನ ಗಾಳಿಸ್ಕ್ರೂವಿಗೂ ಹಾಗೆಯೇ ಮಾಡಿ. ಇಂಜೆಕ್ಟರಿನ ಕಡೆ ಡೀಸೆಲ್ ಚಿಮ್ಮುವಾಗ ಬೆರಳು ಅಡ್ಡ ಹಿಡಿಯಬೇಡಿ. ಆ ಒತ್ತಡಕ್ಕೆ ಅದು ಚರ್ಮದೊಳಗೆ ಹೊಕ್ಕುಬಿಡುತ್ತದೆ. ಹೊಕ್ಕಿದರೆ, ಗಾಯ ಸೂಜಿಮೊನೆಯಷ್ಟೇ ಕಂಡರೂ ಕೂಡಲೆ ಆಸ್ಪತ್ರೆಗೆ ಹೋಗಬೇಕು.

ಪೆಟ್ರೋಲಿನ ಹಳೆಯ ಜೀಪು ಇಟ್ಟುಕೊಂಡ ಹಟವಾದಿಗಳು ಅಲ್ಲೊಬ್ಬರು ಇಲ್ಲೊಬ್ಬರು ಇದ್ದೀರಿ. ನಿಮ್ಮ ಗಾಡಿ ದೀಪ ಆರಿದ ಹಾಗೆ ಫಕ್ಕನೆ ನಿಂತರೆ ಕಿಡಿಯ ದೋಷ, ಮುಗ್ಗರಿಸಿ ನಿಂತರೆ ಹೆಚ್ಚಾಗಿ ಪೆಟ್ರೋಲಿನ ದೋಷ. ಮಳೆಯಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ ಒಣಬಟ್ಟೆಯಿಂದ ಒಳಗೂ ಹೊರಗೂ ಒರೆಸಿದರೆ ಅರ್ಧ ಜೀಪುಗಳು ಹೊರಡುತ್ತವೆ. ವಿಲ್ಲಿಸ್ ಎಂಜಿನಿಗೆ ಪಾಯಿಂಟಿನ ಸಂದು ಒಂದು ಅಂಗುಲದ ಸಾವಿರದಲ್ಲಿ 20 ಭಾಗ, ಪ್ಲಗ್ಗಿನದು 30 ಭಾಗ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥನಾಲ್ ಇರುತ್ತದೆ. ಅದು ನೀರನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಪಂಪಿನ ಪೊರೆ, ಹೋಸುಗಳನ್ನು ಅದಕ್ಕೆ ತಡೆಯುವಂಥವುಗಳಿಗೆ ಬದಲಿಸಿಕೊಳ್ಳಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬ್ಯುರೇಟರನ್ನು ಬರಿದು ಮಾಡಿಡಿ.

ಇಳಿಜಾರಿನಲ್ಲಿ ಎಂಜಿನು ನಿಂತರೆ ಮೊದಲು ಗಾಡಿ ನಿಲ್ಲಿಸುವ ಕೆಲಸ, ರಿಪೇರಿ ಆಮೇಲೆ. ಬ್ರೇಕಿಗೆ ಸರ್ವೋ ಇರುವ ಜೀಪಿನಲ್ಲಿ ಎಂಜಿನು ಸತ್ತ ಮೇಲೆ ಒಂದೆರಡು ಸಲ ತುಳಿಯುವುದರೊಳಗೆ ಪೆಡಲು ಕಲ್ಲಿನಂತಾಗುತ್ತದೆ. ಪದೇ ಪದೇ ತುಳಿದು ಬಿಡಬೇಡಿ, ಒಂದೇ ಸಲ ಬಲವಾಗಿ ತುಳಿದು ಹಿಡಿಯಿರಿ. ಕೈಬ್ರೇಕು ಎಳೆದು, ಗೇರಿನಲ್ಲೇ ಬಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆಯೇ ಬಾನೆಟ್ಟು ಎತ್ತತಕ್ಕದ್ದು. ಜೀಪಿನ ಹಿಂದೆ ಹಾಕಲು ಎರಡು ಮರದ ತುಂಡುಗಳು, ಎರಡು ಮೊಳ ಹೋಸು, ನಾಲ್ಕು ಕ್ಲಿಪ್ಪು, ಆ ಬಲ್ಬಿನ ವಯರು, ಒಂದು ಟಾರ್ಚು ಸೀಟಿನ ಅಡಿಯಲ್ಲಿ ಸದಾ ಇರಲಿ. ಮೆಕ್ಯಾನಿಕ್ಕಿಗೆ ಫೋನು ಮಾಡುವುದಾದರೆ “ಗಾಡಿ ಹಾಳಾಗಿದೆ” ಎಂದಷ್ಟೇ ಹೇಳದೆ, ಎಂಜಿನು ತಿರುಗುತ್ತದೋ ಇಲ್ಲವೋ, ಹೊಗೆ ಬರುತ್ತದೋ, ಟ್ಯಾಂಕಿಯಲ್ಲಿ ಎಷ್ಟಿದೆ, ಏರಿನಲ್ಲೋ ಸಮದಲ್ಲೋ ನಿಂತದ್ದು ಎಂದು ಹೇಳಿ. ಅವರು ಬರುವಾಗ ಸರಿಯಾದ ಸಾಮಾನನ್ನೇ ಹಿಡಿದುಕೊಂಡು ಬಂದಾರು.